ಸೊಂಟದಲ್ಲಿ ರಿವಾಲ್ವರ್, ಎದೆಯಲ್ಲಿ ಭೀತಿ

ಅಮೇರಿಕದ ಉತ್ತರ ಕೆರೊಲಿನಾ ರಾಜ್ಯದ ಚಾಪೆಲ್ ಹಿಲ್ ಒಂದು ವಿಶ್ವವಿದ್ಯಾಲಯ ಪಟ್ಟಣ. ಅಲ್ಲಿ ವಾಸವಾಗಿದ್ದ ಕ್ರೆಗ್ ಹಿಕ್ಸ್ ಎಂಬಾತ 2015ರ ಆರಂಭದಲ್ಲಿ ಫೇಸ್‌ಬುಕ್‌ನಲ್ಲಿ ತನ್ನ ರಿವಾಲ್ವರಿನ ಚಿತ್ರವೊಂದನ್ನು ಹಾಕಿದ್ದ. ಗುಂಡು ತುಂಬಿದ .38 ರಿವಾಲ್ವರ್, ಅದನ್ನಿಡುವ ಚೀಲ, ಹೆಚ್ಚುವರಿ ಐದು ಗುಂಡುಗಳು- ಇವೆಲ್ಲ ಸೇರಿ ಎಷ್ಟು ತೂಗುತ್ತವೆ ಎಂಬ ಲೆಕ್ಕವನ್ನೂ ಅದರ ಜೊತೆ ಕೊಟ್ಟಿದ್ದ. ನಮ್ಮ ಅಳತೆಯಲ್ಲಿ ಅದು ಸುಮಾರು 600 ಗ್ರಾಂ. ಬಟ್ಟೆಯೊಳಗೆ ಬಂದೂಕನ್ನು ಅಡಗಿಸಿಕೊಂಡು ಓಡಾಡಲು ಸರಕಾರವೇ ನೀಡಿದ ಪರವಾನಿಗೆ ಆತನಲ್ಲಿತ್ತು. ಕಾನೂನಿನ ದೃಷ್ಟಿಯಲ್ಲಿ ಆತ ಆತ್ಮರಕ್ಷಣೆಗಾಗಿ ಶಸ್ತ್ರ ಹೊಂದಿದ್ದ ಓರ್ವ ಜವಾಬ್ದಾರಿಯುತ ನಾಗರಿಕ.

ಅದೇ ವರ್ಷ ಫೆಬ್ರವರಿ 10ರಂದು ಈ ಜವಾಬ್ದಾರಿಯುತ ನಾಗರಿಕ ನೆರೆಮನೆಗೆ ಹೋಗಿ ಮೂವರು ಮುಸ್ಲಿಮ್ ಯುವಜನರನ್ನು ಗುಂಡಿಟ್ಟು ಕೊಂದ. 23 ವರ್ಷದ ದಿಯಾ ಬರಕಾತ್ ದಂತವೈದ್ಯಕೀಯ ವಿದ್ಯಾರ್ಥಿ. 21 ವರ್ಷದ ಯುಸುರ್ ಅಬೂಸಲ್ಹಾ ಆತನ ಪತ್ನಿ. ಮದುವೆಯಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. 19 ವರ್ಷದ ರಝಾನ್ ಆಕೆಯ ತಂಗಿ. ನೆರೆಯಾತ ಸೊಂಟದಲ್ಲಿ ಬಂದೂಕು ಸಿಕ್ಕಿಸಿಕೊಂಡೇ ಜಗಳಕ್ಕೆ ಬರುತ್ತಾನೆ ಎಂದು ಯುಸುರ್ ಸಾಯುವ ಮುನ್ನವೇ ತನ್ನ ತಂದೆಯಲ್ಲಿ ಹೇಳಿದ್ದಳು. ಆದರೂ ಪೊಲೀಸರು ಆರಂಭದಲ್ಲಿ ಇದನ್ನು ವಾಹನ ನಿಲ್ಲಿಸುವ ಜಾಗದ ಜಗಳ ಎಂದರು. ನಾಲ್ಕು ವರ್ಷಗಳ ಬಳಿಕ, 2019ರಲ್ಲಿ ಹಿಕ್ಸ್ ತಪ್ಪೊಪ್ಪಿಕೊಂಡು ಮೂರು ಜೀವಾವಧಿ ಶಿಕ್ಷೆಗಳಿಗೆ ಗುರಿಯಾದಾಗ, ಆ ಮಾತಿಗಾಗಿ ಪೊಲೀಸ್ ಮುಖ್ಯಸ್ಥರು ಕ್ಷಮೆ ಕೇಳಬೇಕಾಯಿತು.

ಈ ಹತ್ಯೆಯ ಬಗ್ಗೆ ಬರೆದವರೆಲ್ಲ ಇಸ್ಲಾಮೋಫೋಬಿಯಾದ ಬಗ್ಗೆ ಬರೆದರು. ಬರೆಯಬೇಕಾದದ್ದೇ. ಆದರೆ ಆ 600 ಗ್ರಾಮಿನ ಬಗ್ಗೆ ಬರೆದವರು ಕಡಿಮೆ. ದ್ವೇಷ ಎಲ್ಲ ದೇಶಗಳಲ್ಲೂ ಇದೆ. ಆ ದ್ವೇಷವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಲು ಅನುಕೂಲವಾಗುವಷ್ಟು ಹಗುರಗೊಳಿಸಿ, ಪರವಾನಿಗೆಯನ್ನೂ ಕೊಟ್ಟು, ಅದಕ್ಕೆ ‘ಆತ್ಮರಕ್ಷಣೆ’ ಎಂಬ ಗೌರವದ ಹೆಸರಿಡುವ ವ್ಯವಸ್ಥೆ ಮಾತ್ರ ಎಲ್ಲೆಡೆ ಇಲ್ಲ. ಅಂಥ ವ್ಯವಸ್ಥೆ ನಮಗೂ ಬೇಕು ಎಂಬ ಧ್ವನಿ ನಮ್ಮ ದೇಶದಲ್ಲೂ ಕೇಳಿಬರುತ್ತಿರುವ ಈ ದಿನಗಳಲ್ಲಿ ಅದರ ಬಗ್ಗೆ ಮೌನವಾಗಿರುವುದು ಅಪಾಯಕಾರಿ.

ಅಮೇರಿಕದ ಮಾರುಕಟ್ಟೆಯಲ್ಲಿ ‘ದಿನವೂ ಜೊತೆಯಲ್ಲಿಟ್ಟುಕೊಳ್ಳಲು ಯಾವ ರಿವಾಲ್ವರ್ ಒಳ್ಳೆಯದು’ ಎಂಬುದು ನಮ್ಮಲ್ಲಿ ಯಾವ ಮೊಬೈಲ್ ಒಳ್ಳೆಯದು ಎಂದು ಕೇಳುವಷ್ಟೇ ಸಾಮಾನ್ಯವಾದ ಪ್ರಶ್ನೆ. ಅದಕ್ಕೆ ಸಿದ್ಧ ಉತ್ತರಗಳಿವೆ. ನಳಿಕೆ ಎರಡು ಇಂಚಿನಷ್ಟಿದ್ದರೆ ಸಾಕು; ಇಲ್ಲವಾದರೆ ಅಂಗಿಯ ಹೊರಗೆ ಎದ್ದು ಕಾಣುತ್ತದೆ. ಆರು ಗುಂಡಿನ ಬದಲು ಐದೇ ಇರಲಿ. ಆಗ ಗುಂಡು ತುಂಬುವ ಉರುಳೆ ತೆಳ್ಳಗಾಗುತ್ತದೆ. ಹ್ಯಾಮರ್ ಒಳಗೆ ಮುಚ್ಚಿಕೊಂಡಿರಲಿ. ಜೇಬಿನಿಂದ ಎಳೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳಬಾರದು. ಉಕ್ಕಿನ ಬದಲು ಅಲ್ಯೂಮಿನಿಯಮ್ ಅಥವಾ ಪ್ಲಾಸ್ಟಿಕ್ ಬಳಸಿದ್ದರೆ ಇನ್ನೂ ಒಳ್ಳೆಯದು. ಈ ವ್ಯಾಪಾರ ಹೊಸದೇನಲ್ಲ. ಕೋಲ್ಟ್ ಕಂಪೆನಿಯ ‘ಡಿಟೆಕ್ಟಿವ್ ಸ್ಪೆಶಲ್’ 1927ರಲ್ಲೂ, ಸ್ಮಿತ್ ಆಂಡ್ ವೆಸ್ಸನ್ ಕಂಪೆನಿಯ ‘ಚೀಫ್ಸ್ ಸ್ಪೆಶಲ್’ 1950ರಲ್ಲೂ ಬಂದವು. ಮಹಿಳೆಯರ ಕೈಚೀಲದ ಮೇಲೆ ಕಣ್ಣಿಟ್ಟ ‘ಲೇಡಿಸ್ಮಿತ್’ 1989ರಲ್ಲಿ ಬಂತು. ರುಗರ್ ಕಂಪೆನಿಯ ಪ್ಲಾಸ್ಟಿಕ್ ಬಳಸಿದ ಹಗುರ ರಿವಾಲ್ವರ್ ಬಂದದ್ದು 2009ರಲ್ಲಿ.

ಈ ಉತ್ತರಗಳನ್ನು ಗಮನವಿಟ್ಟು ನೋಡಿ. ಇವೆಲ್ಲವೂ ಅಡಗಿಸುವುದು ಹೇಗೆ ಎಂಬುದಕ್ಕೆ ಉತ್ತರಗಳೇ ಹೊರತು ಬದುಕುಳಿಯುವುದು ಹೇಗೆ ಎಂಬುದಕ್ಕಲ್ಲ. ರಿವಾಲ್ವರ್ ಹಗುರವಾದಷ್ಟೂ ಹೊರಲು ಸುಲಭ. ಆದರೆ ಹಗುರವಾದಷ್ಟೂ ಗುಂಡು ಹಾರುವಾಗ ಕೈಯಲ್ಲಿ ಅದು ಒದೆಯುವ ರಭಸ ಹೆಚ್ಚು. ನಳಿಕೆ ಗಿಡ್ಡವಾದಷ್ಟೂ ಗುರಿ ತಪ್ಪುವ ಸಾಧ್ಯತೆ ಹೆಚ್ಚು. ಬಹುತೇಕ ರಿವಾಲ್ವರ್‌ಗಳಿಗೆ ಕೈಯಿಂದ ಹಾಕುವ ಸುರಕ್ಷಾ ಕೀಲಿಯೇ ಇಲ್ಲ; ಟ್ರಿಗರ್ ಬಿಗಿಯಾಗಿರುವುದೇ ಅದರ ರಕ್ಷಣೆ. ಅದೇ ಬಿಗಿತದಿಂದಾಗಿ ಗಾಬರಿಗೊಂಡ ಕೈ ಅಲುಗಾಡಿ ಗುಂಡು ಬೇರೆಲ್ಲೋ ಹೋಗುತ್ತದೆ. ಅಂದರೆ, ಸುಲಭವಾಗಿ ಅಡಗಿಸಬಹುದಾದ ರಿವಾಲ್ವರ್ ಎಂದರೆ ನಿಖರವಾಗಿ ಹಾರಿಸಲು ಕಷ್ಟವಾದ ರಿವಾಲ್ವರ್ ಎಂದರ್ಥ. ಸತತ ಅಭ್ಯಾಸ ಬೇಕೇಬೇಕು ಎಂದು ಬಂದೂಕುಪ್ರೇಮಿಗಳೇ ಹೇಳುತ್ತಾರೆ. ಆದರೆ ವರ್ಷವಿಡೀ ಅಭ್ಯಾಸ ಮಾಡುವ ಗ್ರಾಹಕರೆಷ್ಟು?

ತರಬೇತಿ ಪಡೆದವರ ಕಥೆಯೇನು? ನ್ಯೂಯಾರ್ಕ್ ನಗರದ ಪೊಲೀಸರು 1998ರಿಂದ 2006ರ ವರೆಗೆ ನಡೆಸಿದ ಗುಂಡಿನ ಕಾಳಗಗಳಲ್ಲಿ ಗುರಿ ಮುಟ್ಟಿದ ಗುಂಡುಗಳು ಶೇಕಡಾ 18 ಮಾತ್ರ ಎಂದು ರ‍್ಯಾಂಡ್ ಸಂಸ್ಥೆಯ ಅಧ್ಯಯನ ಹೇಳಿತು. 2012ರ ಆಗಸ್ಟ್‌ನಲ್ಲಿ ಅದೇ ನಗರದ ಎಂಪೈರ್ ಸ್ಟೇಟ್ ಕಟ್ಟಡದ ಎದುರು ಇಬ್ಬರು ಪೊಲೀಸರು ಓರ್ವ ಕೊಲೆಗಾರನತ್ತ 16 ಗುಂಡು ಹಾರಿಸಿದರು. ಆತ ಸತ್ತ, ಆದರೆ ಗಾಯಗೊಂಡ ಒಂಬತ್ತು ಮಂದಿ ದಾರಿಹೋಕರೂ ಪೊಲೀಸರ ಗುಂಡಿನಿಂದಲೇ ಗಾಯಗೊಂಡವರು. ಸಮವಸ್ತ್ರ ತೊಟ್ಟು, ಸಂಬಳ ಪಡೆದು, ತರಬೇತಿ ಹೊಂದಿದವರ ಪಾಡೇ ಇದಾದರೆ, ಮಾರುಕಟ್ಟೆಯಿಂದ ರಿವಾಲ್ವರ್ ತಂದು ಕಪಾಟಿನಲ್ಲಿಟ್ಟ ಗೃಹಸ್ಥ ನಡುರಾತ್ರಿಯ ಕತ್ತಲಲ್ಲಿ ಏನು ಮಾಡಬಲ್ಲ?

ಅಷ್ಟಕ್ಕೂ, ಆ ಗುಂಡು ನಿಜವಾಗಿ ಹೋಗುವುದು ಯಾರ ಕಡೆಗೆ? 2023ರಲ್ಲಿ ಅಮೇರಿಕದಲ್ಲಿ ಬಂದೂಕಿನಿಂದ ಸತ್ತವರು 46,728 ಮಂದಿ. ಅವರಲ್ಲಿ 27,300 ಮಂದಿ ತಮಗೆ ತಾವೇ ಗುಂಡು ಹಾರಿಸಿಕೊಂಡವರು. ಕಳ್ಳನಿಗೆಂದು, ದರೋಡೆಕೋರನಿಗೆಂದು ತಂದಿಟ್ಟ ಗುಂಡುಗಳ ಅತಿದೊಡ್ಡ ಬಲಿಪಶು ಬಂದೂಕಿನ ಒಡೆಯ ಮತ್ತು ಆತನ ಮನೆಮಂದಿ. ಕ್ಯಾಲಿಫೋರ್ನಿಯಾದ 2.6 ಕೋಟಿ ಜನರನ್ನು 12 ವರ್ಷಗಳ ಕಾಲ ಗಮನಿಸಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಕೈಬಂದೂಕು ಇಲ್ಲದವರಿಗೆ ಹೋಲಿಸಿದರೆ ಅದನ್ನು ಹೊಂದಿದ ಪುರುಷರು ಗುಂಡು ಹಾರಿಸಿಕೊಂಡು ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಸುಮಾರು ಎಂಟು ಪಟ್ಟು, ಮಹಿಳೆಯರಲ್ಲಿ ಸುಮಾರು 35 ಪಟ್ಟು ಹೆಚ್ಚು ಎಂದು ಅದು ಕಂಡುಕೊಂಡಿತು. 2022ರಲ್ಲಿ ಬಂದ ಅದೇ ತಂಡದ ಇನ್ನೊಂದು ಅಧ್ಯಯನವಂತೂ ಕುಟುಂಬಗಳ ಕಣ್ಣು ತೆರೆಸಬೇಕು. ತಾವು ಬಂದೂಕು ಹೊಂದಿರದಿದ್ದರೂ ಬಂದೂಕಿನ ಒಡೆಯನ ಜೊತೆ ಒಂದೇ ಮನೆಯಲ್ಲಿ ಬಾಳುವವರು ತಮ್ಮ ಸಂಗಾತಿಯ ಗುಂಡಿಗೆ ಮನೆಯಲ್ಲೇ ಬಲಿಯಾಗುವ ಪ್ರಮಾಣ, ಬಂದೂಕಿಲ್ಲದ ಮನೆಯವರಿಗಿಂತ ಏಳು ಪಟ್ಟು ಹೆಚ್ಚು. ಹೀಗೆ ಬಲಿಯಾದವರಲ್ಲಿ ಹೆಚ್ಚಿನವರು ಮಹಿಳೆಯರು. ಮನೆಯೊಡತಿಯ ರಕ್ಷಣೆಗೆಂದು ತಂದ ಆಯುಧ ಮನೆಯೊಡತಿಯನ್ನೇ ಕೊಲ್ಲುವುದಾದರೆ ಅದನ್ನು ರಕ್ಷಣೆ ಎಂದು ಯಾವ ನಾಲಗೆಯಿಂದ ಕರೆಯುವುದು?

ಮಕ್ಕಳ ವಿಷಯವನ್ನಾದರೂ ಪರಿಗಣಿಸಬೇಡವೇ? 2014ರ ಡಿಸೆಂಬರ್ 30ರಂದು ಐಡಹೋ ರಾಜ್ಯದ ಒಂದು ದೊಡ್ಡ ಅಂಗಡಿಯಲ್ಲಿ 29 ವರ್ಷದ ತಾಯಿಯೊಬ್ಬಳು ಮಕ್ಕಳೊಂದಿಗೆ ಸಾಮಾನು ಕೊಳ್ಳುತ್ತಿದ್ದಳು. ಆಕೆ ವಿದ್ಯಾವಂತೆ, ಅಣುಸಂಶೋಧನಾ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದ ವಿಜ್ಞಾನಿ. ಪರವಾನಿಗೆಯೂ ಇತ್ತು. ಬಂದೂಕು ಅಡಗಿಸಿಡಲೆಂದೇ ವಿಶೇಷ ಜಿಪ್ ಇರುವಂತೆ ತಯಾರಿಸಿದ ಕೈಚೀಲ ಆಕೆಗೆ ಉಡುಗೊರೆಯಾಗಿ ಬಂದಿತ್ತು. ಗಾಡಿಯಲ್ಲಿ ಕುಳಿತಿದ್ದ ಎರಡು ವರ್ಷದ ಮಗು ಆ ಚೀಲದೊಳಗೆ ಕೈಹಾಕಿತು. ಗುಂಡು ತಾಯಿಯನ್ನು ಕೊಂದಿತು. ಇಲ್ಲಿ ಕಳ್ಳನಿರಲಿಲ್ಲ, ಭಯೋತ್ಪಾದಕನಿರಲಿಲ್ಲ, ಕಾನೂನಿನ ಉಲ್ಲಂಘನೆಯೂ ಇರಲಿಲ್ಲ. ಮಾರುಕಟ್ಟೆ ಹೇಳಿಕೊಟ್ಟಂತೆ ಎಲ್ಲವನ್ನೂ ಪಾಲಿಸಿದ ತಾಯಿಯೊಬ್ಬಳಿದ್ದಳು, ಅಷ್ಟೇ.

‘ಬಂದೂಕಿನಿಂದ ಜೀವ ಉಳಿದದ್ದೇ ಇಲ್ಲವೇ’ ಎಂದು ಕೇಳುವವರಿದ್ದಾರೆ. ಇದೆ. 2022ರ ಜುಲೈಯಲ್ಲಿ ಇಂಡಿಯಾನಾ ರಾಜ್ಯದ ಗ್ರೀನ್‌ವುಡ್ ಪಟ್ಟಣದ ಮಾಲ್ ಒಂದರಲ್ಲಿ ಜನರ ಮೇಲೆ ಗುಂಡು ಹಾರಿಸುತ್ತಿದ್ದವನನ್ನು 22 ವರ್ಷದ ಯುವಕನೊಬ್ಬ ತನ್ನ ಪಿಸ್ತೂಲಿನಿಂದ ಹೊಡೆದುರುಳಿಸಿದ. ಆತನ ಧೈರ್ಯವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದಕ್ಕೆ ಒಂದು ವರ್ಷ ಮುನ್ನ, 2021ರ ಜೂನ್‌ನಲ್ಲಿ ಕೊಲೊರಾಡೋದ ಆರ್ವಾಡಾದಲ್ಲಿ ಇನ್ನೋರ್ವ ನಾಗರಿಕ ಇದೇ ಧೈರ್ಯ ತೋರಿದ್ದ. ಪೊಲೀಸ್ ಅಧಿಕಾರಿಯನ್ನು ಕೊಂದವನನ್ನು ಆತ ಹೊಡೆದುರುಳಿಸಿದ. ಬಳಿಕ ಅಲ್ಲಿಗೆ ಬಂದ ಪೊಲೀಸ್, ಈತನೇ ಕೊಲೆಗಾರನೆಂದು ಭಾವಿಸಿ ಗುಂಡಿಟ್ಟು ಕೊಂದ. ಕೈಯಲ್ಲಿ ಬಂದೂಕು ಹಿಡಿದು ನಿಂತವರಲ್ಲಿ ರಕ್ಷಕ ಯಾರು, ಹಂತಕ ಯಾರು ಎಂದು ಹಣೆಯ ಮೇಲೆ ಬರೆದಿರುವುದಿಲ್ಲ. ಒಂದು ಅಪರೂಪದ ಘಟನೆಯನ್ನು ಎತ್ತಿ ಹಿಡಿದು ವರ್ಷಕ್ಕೆ ನಲವತ್ತಾರು ಸಾವಿರ ಹೆಣಗಳನ್ನು ಮರೆಮಾಚುವುದು ವಾದವಲ್ಲ, ವಂಚನೆ.

ಹೆಚ್ಚು ಜನರ ಜೇಬಿಗೆ ಬಂದೂಕು ಬಂದರೆ ಅಪರಾಧ ತಗ್ಗುತ್ತದೆ ಎಂಬ ಸಿದ್ಧಾಂತವನ್ನು ಜಾನ್ ಲಾಟ್ ಎಂಬ ಅರ್ಥಶಾಸ್ತ್ರಜ್ಞ 1998ರಲ್ಲಿ ಮಂಡಿಸಿದರು. 2004ರಲ್ಲಿ ಅಮೇರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಅದಕ್ಕೆ ಸಾಕಷ್ಟು ಆಧಾರವಿಲ್ಲ ಎಂದಿತು. 2019ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಡೊನೊಹ್ಯೂ ಮತ್ತು ಸಂಗಡಿಗರು ಇದಕ್ಕೆ ವಿರುದ್ಧವಾದುದನ್ನೇ ಕಂಡುಕೊಂಡರು: ಅಂಥ ಕಾನೂನು ತಂದ ರಾಜ್ಯಗಳಲ್ಲಿ ಹತ್ತು ವರ್ಷಗಳ ಬಳಿಕ ಹಿಂಸಾತ್ಮಕ ಅಪರಾಧಗಳು, ಆ ಕಾನೂನು ಇಲ್ಲದಿದ್ದರೆ ಇರಬಹುದಾಗಿದ್ದಕ್ಕಿಂತ, ಶೇಕಡಾ 13ರಿಂದ 15ರಷ್ಟು ಹೆಚ್ಚು. ಆದರೂ 2022ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಮ್ ಕೋರ್ಟ್ ಮನೆಯ ಹೊರಗೂ ಕೈಬಂದೂಕು ಒಯ್ಯುವುದು ನಾಗರಿಕನ ಹಕ್ಕೆಂದು ಸಾರಿ, ನ್ಯೂಯಾರ್ಕ್‌ನ ನೂರು ವರ್ಷ ಹಳೆಯ ನಿರ್ಬಂಧವನ್ನು ಕಿತ್ತುಹಾಕಿತು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇಂದು ಪರವಾನಿಗೆಯೂ ಬೇಕಾಗಿಲ್ಲ. ಭೀತಿ ಹೆಚ್ಚಿದಷ್ಟೂ ಬಂದೂಕು ಮಾರಾಟವಾಗುತ್ತದೆ. ಬಂದೂಕು ಹೆಚ್ಚಿದಷ್ಟೂ ಭೀತಿ ಹುಟ್ಟುತ್ತದೆ. ಇಷ್ಟು ಲಾಭದಾಯಕವಾದ ವರ್ತುಲವನ್ನು ಯಾವ ಬಂಡವಾಳಿಗ ತಾನೇ ಮುರಿಯಬಯಸುತ್ತಾನೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮ ಬಂಧುಗಳೂ ಅಮೇರಿಕದಲ್ಲಿದ್ದಾರೆ. ದ್ವೇಷಿಗಳ ಕೈಯಲ್ಲಿ ಬಂದೂಕಿರುವಾಗ ಅಲ್ಪಸಂಖ್ಯಾತರು ಮಾತ್ರ ಬರಿಗೈಯಲ್ಲಿರಬೇಕೇ? ಚಾಪೆಲ್ ಹಿಲ್‌ನ ಆ ಮನೆಯಲ್ಲೂ ಒಂದು ರಿವಾಲ್ವರ್ ಇದ್ದಿದ್ದರೆ? ಮೇಲುನೋಟಕ್ಕೆ ಇದು ನ್ಯಾಯಯುತ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಕಾನೂನಿನಲ್ಲಿ ಬರೆದ ಹಕ್ಕು ಎಲ್ಲರಿಗೂ ಸಮನಾಗಿ ದಕ್ಕುವುದಿಲ್ಲ ಎಂಬುದನ್ನು ಅಮೇರಿಕದ ಕರಿಯರ ಚರಿತ್ರೆಯೇ ಹೇಳುತ್ತದೆ. 2016ರ ಜುಲೈ 6ರಂದು ಮಿನ್ನೆಸೋಟಾದಲ್ಲಿ ಫಿಲಾಂಡೊ ಕಾಸ್ಟಿಲ್ ಎಂಬ ಕರಿಯ ಯುವಕನ ಕಾರನ್ನು ಪೊಲೀಸ್ ತಡೆದ. ಆತನಲ್ಲಿ ಬಂದೂಕಿಗೆ ಪರವಾನಿಗೆಯಿತ್ತು. ನನ್ನಲ್ಲಿ ಬಂದೂಕಿದೆ ಎಂದು ಆತ ತಾನಾಗಿಯೇ ವಿನಯದಿಂದ ತಿಳಿಸಿದ. ಕೆಲವೇ ಕ್ಷಣಗಳಲ್ಲಿ ಪೊಲೀಸ್ ಏಳು ಗುಂಡು ಹಾರಿಸಿದ. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಹೆಣ್ಣುಮಗುವೊಂದು ಇದನ್ನೆಲ್ಲ ನೋಡುತ್ತಿತ್ತು. ಮರುವರ್ಷ ನ್ಯಾಯಾಲಯ ಆ ಪೊಲೀಸನನ್ನು ದೋಷಮುಕ್ತಗೊಳಿಸಿತು. ಹಿಕ್ಸ್‌ನ ಸೊಂಟದ ಬಂದೂಕು ‘ಹಕ್ಕು’, ಕಾಸ್ಟಿಲ್‌ನ ಬಂದೂಕು ‘ಬೆದರಿಕೆ’! 1967ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕರಿಯ ಯುವಕರು ಬಂದೂಕು ಹಿಡಿದು ತಮ್ಮ ಕೇರಿಗಳಲ್ಲಿ ಗಸ್ತು ತಿರುಗತೊಡಗಿದಾಗ ಕ್ಯಾಲಿಫೋರ್ನಿಯಾದ ಗವರ್ನರ್ ರೊನಾಲ್ಡ್ ರೇಗನ್, ಗುಂಡು ತುಂಬಿದ ಬಂದೂಕನ್ನು ಸಾರ್ವಜನಿಕವಾಗಿ ಒಯ್ಯುವುದನ್ನು ನಿಷೇಧಿಸುವ ಕಾನೂನಿಗೆ ಸಹಿ ಹಾಕಿದರು. ಆಯುಧ ಯಾರ ಕೈಗೆ ಬಂತು ಎಂಬುದನ್ನು ನೋಡಿ ಕಾನೂನು ಬದಲಾಗುವ ನಾಡಿನಲ್ಲಿ, ದುರ್ಬಲನ ಜೇಬಿನ ರಿವಾಲ್ವರ್ ಆತನನ್ನು ಕೊಲ್ಲಲು ಬಲಿಷ್ಠನಿಗೆ ಸಿಗುವ ನೆಪ ಮಾತ್ರ.

ಮಾರ್ಟಿನ್ ಲೂಥರ್ ಕಿಂಗ್ ಇದನ್ನು ಅರಿತಿದ್ದರು. 1956ರ ಜನವರಿ 30ರಂದು ಮಾಂಟ್ಗಮರಿಯಲ್ಲಿ ಅವರ ಮನೆಗೆ ಬಾಂಬ್ ಎಸೆಯಲಾಯಿತು. ಮಡದಿ ಮತ್ತು ಹಸುಗೂಸು ಒಳಗಿದ್ದರು. ಬಂದೂಕು ಜೊತೆಯಲ್ಲಿಟ್ಟುಕೊಳ್ಳಲು ಪರವಾನಿಗೆ ಕೋರಿ ಕಿಂಗ್ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಬಳಿಕ ಅವರು ಆ ದಾರಿಯನ್ನೇ ತೊರೆದರು; ಮನೆಯಲ್ಲಿದ್ದ ಬಂದೂಕನ್ನೂ ಹೊರಹಾಕಿದರು. ಆ ಪಟ್ಟಣದ ಕರಿಯರು ಒಂದು ವರ್ಷಕ್ಕೂ ಹೆಚ್ಚು ಕಾಲ ಬಸ್ಸು ಹತ್ತದೆ ನಡೆದರು, ಗೆದ್ದರು. ಅವರಿಗೆ ಬಾಂಬಿನ ಭೀತಿ ಇರಲಿಲ್ಲವೇ? ನಮಗಿಂತ ಹೆಚ್ಚೇ ಇತ್ತು. ಆದರೆ ಭೀತಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಬದಲು ಅದನ್ನು ಸಾವಿರಾರು ಮಂದಿ ಒಟ್ಟಾಗಿ ಹೊತ್ತುಕೊಂಡರು.

ಇನ್ನು ನಮ್ಮ ದೇಶಕ್ಕೆ ಬರೋಣ. ಭಾರತದಲ್ಲಿ ಬಂದೂಕು ಹೊಂದುವುದು ಹಕ್ಕಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಸರಕಾರ ಪರಿಶೀಲಿಸಿ ಕೊಡುವ ಅನುಮತಿ. 2019ರ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಬಂದೂಕುಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಇದು ವಿವೇಕದ ಹಾದಿ. ಆದರೆ ಇದೇ ನಾಡಿನಲ್ಲಿ ವ್ಯತಿರಿಕ್ತ ಹೆಜ್ಜೆಗಳೂ ಕಾಣಿಸುತ್ತಿವೆ. 2012ರ ದಿಲ್ಲಿ ಅತ್ಯಾಚಾರ ಪ್ರಕರಣದ ಬಳಿಕ, 2014ರಲ್ಲಿ ಕಾನ್ಪುರದ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ಮಹಿಳೆಯರಿಗೆಂದು ‘ನಿರ್ಭೀಕ್’ ಎಂಬ ರಿವಾಲ್ವರ್ ಹೊರತಂದಿತು. ತೂಕ 500 ಗ್ರಾಂ, ಬೆಲೆ ಸುಮಾರು 1.22 ಲಕ್ಷ ರೂಪಾಯಿ, ಇಡಲು ಆಭರಣದ ಪೆಟ್ಟಿಗೆಯಂಥ ಪೆಟ್ಟಿಗೆ. ಬೀದಿಯಲ್ಲಿ ಹೆಣ್ಣುಮಗಳು ನಿರ್ಭಯವಾಗಿ ನಡೆಯುವಂತೆ ನೋಡಿಕೊಳ್ಳಬೇಕಾದ ಸರಕಾರವೇ ನಿರ್ಭಯತೆಯನ್ನು ಪೆಟ್ಟಿಗೆಯಲ್ಲಿಟ್ಟು ಮಾರುವುದು ವಿಪರ್ಯಾಸವಲ್ಲದೆ ಇನ್ನೇನು? ಹೊಲದಿಂದ ಮರಳುವ ಕೂಲಿಯಾಳಿಗೆ, ರಾತ್ರಿಪಾಳಿ ಮುಗಿಸಿದ ಕಾರ್ಖಾನೆಯ ಹುಡುಗಿಗೆ 1.22 ಲಕ್ಷ ಎಲ್ಲಿಂದ ಬರಬೇಕು? ಅವರ ಮಾನ ಪ್ರಾಣಗಳ ರಕ್ಷಣೆ ಯಾರ ಹೊಣೆ?

ಹಣವುಳ್ಳವರಿಗಾದರೂ ಅದು ಕಾಯುತ್ತದೆಯೇ? 2024ರ ಅಕ್ಟೋಬರ್ 1ರಂದು ಮುಂಬೈಯಲ್ಲಿ ಹಿಂದಿ ಚಿತ್ರನಟ ಗೋವಿಂದ ಅವರ ಸ್ವಂತ, ಪರವಾನಿಗೆಯುಳ್ಳ ರಿವಾಲ್ವರ್ ಆಕಸ್ಮಿಕವಾಗಿ ಹಾರಿ ಗುಂಡು ಅವರ ಕಾಲಿಗೆ ಹೊಕ್ಕಿತು. ಅವರ ಅದೃಷ್ಟ, ತಗಲಿದ್ದು ಕಾಲಿಗೆ.

ಇದಕ್ಕಿಂತಲೂ ಕಳವಳಕಾರಿಯಾದುದು ಅಸ್ಸಾಮ್ ಸರಕಾರದ ತೀರ್ಮಾನ. ಧುಬ್ರಿ, ಬರ್ಪೇಟಾ, ನಾಗಾಂವ್ ಮುಂತಾದ ಪ್ರದೇಶಗಳ ‘ಮೂಲನಿವಾಸಿ’ಗಳಿಗೆ ಶಸ್ತ್ರ ಪರವಾನಿಗೆ ನೀಡುವುದಾಗಿ 2025ರ ಮೇಯಲ್ಲಿ ಅದು ಘೋಷಿಸಿತು. ಇವು ಬಂಗಾಳಿ ಭಾಷಿಕ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿ ವಾಸಿಸುವ ಪ್ರದೇಶಗಳು. ಒಂದು ನೆರೆಮನೆಗೆ ಬಂದೂಕು, ಇನ್ನೊಂದು ನೆರೆಮನೆಗೆ ಸಂಶಯ- ಇದು ಸುರಕ್ಷತೆಯ ಯೋಜನೆಯೇ? ನೆರೆಯವರನ್ನು ಶತ್ರುಗಳೆಂದು ತೋರಿಸಿ, ಬಳಿಕ ಆ ಶತ್ರುವಿನಿಂದ ನೀನೇ ಕಾಪಾಡಿಕೋ ಎನ್ನುವ ಸರಕಾರ ತನ್ನ ಮೊದಲ ಕರ್ತವ್ಯಕ್ಕೇ ರಾಜೀನಾಮೆ ಕೊಟ್ಟಿದೆ ಎಂದರ್ಥ. ನಮ್ಮ ಶಿವಮೊಗ್ಗದಲ್ಲೂ 2022ರ ಡಿಸೆಂಬರ್‌ನಲ್ಲಿ ಅಂದಿನ ಸಂಸದೆ ಪ್ರಜ್ಞಾ ಠಾಕೂರ್, ಮನೆಯಲ್ಲಿ ಹರಿತವಾದ ಚಾಕುಗಳನ್ನಿಟ್ಟುಕೊಳ್ಳುವಂತೆ ಸಭೆಗೆ ಕರೆಕೊಟ್ಟರು. ಇಂದು ಚಾಕು, ನಾಳೆ ರಿವಾಲ್ವರ್. ಆಯುಧ ಬದಲಾಗಬಹುದು, ತರ್ಕ ಒಂದೇ.

ಕೊಡಗಿನಲ್ಲಿ ಮನೆಮನೆಗೂ ಕೋವಿಯಿಲ್ಲವೇ ಎಂದು ಕೇಳಬಹುದು. ಇದೆ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೇ ವಿನಾಯಿತಿಯಿದೆ. ಆದರೆ ಅದು ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಕೋವಿ. ಕೈಲ್ ಮುಹೂರ್ತದಂದು ಹೂವಿಟ್ಟು ಪೂಜಿಸುವ ಕೋವಿ. ನೆರೆಯವನನ್ನು ಸಂಶಯಿಸಿ ಅಂಗಿಯೊಳಗೆ ಅಡಗಿಸಿಕೊಳ್ಳುವ ಆಯುಧವಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಹಾಗಾದರೆ ನಾವು ಏನು ಮಾಡಬೇಕು? ಭೀತಿ ಸುಳ್ಳೆಂದು ಯಾರೂ ಹೇಳುತ್ತಿಲ್ಲ. ಗುಂಪುಹತ್ಯೆಗಳನ್ನು ಕಂಡ ಸಮುದಾಯಕ್ಕೆ ಭಯಪಡಬೇಡಿ ಎಂದು ಉಪದೇಶಿಸುವುದು ಸುಲಭ, ಅಪ್ರಾಮಾಣಿಕ. ಆದರೆ ಭೀತಿಗೆ ಮದ್ದು ಆಯುಧದ ಅಂಗಡಿಯಲ್ಲಿಲ್ಲ. ಬೆದರಿಕೆ ಬಂದಾಗ ಸಹಿಸಿಕೊಂಡು ಸುಮ್ಮನಿರದೆ ಲಿಖಿತ ದೂರು ಕೊಡಬೇಕು. ಸ್ವೀಕೃತಿ ಪತ್ರ ಪಡೆಯಬೇಕು. ಠಾಣೆ ನಿರಾಕರಿಸಿದರೆ ಮೇಲಧಿಕಾರಿಗೆ, ಅಲ್ಲಿಂದ ನ್ಯಾಯಾಲಯಕ್ಕೆ ಹೋಗಬೇಕು. ಪ್ರತಿ ಪಟ್ಟಣದಲ್ಲಿ ಇದಕ್ಕೆ ನೆರವಾಗುವ ವಕೀಲರ ತಂಡವೊಂದನ್ನು ಜಮಾಅತ್‌ಗಳು ಕಟ್ಟಬೇಕು. ಒಂದು ಬೀದಿಯ ಹಿಂದೂ, ಮುಸ್ಲಿಮ್, ಕ್ರೈಸ್ತ ಕುಟುಂಬಗಳು ಪರಸ್ಪರರ ಮನೆಯ ದೂರವಾಣಿ ಸಂಖ್ಯೆ ಬಲ್ಲವರಾಗಬೇಕು. ಶಾಸಕರೂ ಸಂಸದರೂ ಮತ ಕೇಳಲು ಬಂದಾಗ ಬೀದಿದೀಪದ ಬಗ್ಗೆ, ಪೊಲೀಸ್ ಗಸ್ತಿನ ಬಗ್ಗೆ, ದ್ವೇಷ ಭಾಷಣದ ಪ್ರಕರಣಗಳು ಏನಾದವು ಎಂಬ ಬಗ್ಗೆ ಉತ್ತರ ಕೇಳಬೇಕು. ಇವು ನಿಧಾನದ ಕೆಲಸಗಳು, ಆಕರ್ಷಕವೂ ಅಲ್ಲ. ಆದರೆ ಇವು ಮನೆಯ ಮಗುವಿನ ಕೈಗೆ ಸಿಕ್ಕಿ ತಾಯಿಯನ್ನು ಕೊಲ್ಲುವುದಿಲ್ಲ.

ರಕ್ಷಣೆಯು ಪ್ರಜೆ ದುಡ್ಡುಕೊಟ್ಟು ಕೊಳ್ಳುವ ಸರಕಲ್ಲ, ಸರಕಾರ ತೀರಿಸಬೇಕಾದ ಋಣ. ಆ ಋಣವನ್ನು ಕೇಳಿ ಪಡೆಯುವ ಧೈರ್ಯವನ್ನು ನಮ್ಮ ಮಕ್ಕಳಿಗೆ ಕಲಿಸೋಣ. ಯಾವ ರಿವಾಲ್ವರ್ ಒಳ್ಳೆಯದೆಂದು ಕೇಳುವ ಕಾಲ ಈ ನಾಡಿಗೆ ಬಾರದಿರಲಿ.